ಕಸದ ಫೋಲ್ಡರ್

ಮಾರ್ಚ್ ೩, ಬೆಳಿಗ್ಗೆ ೬
ಕೆಳಗಿನ ಹಿಟ್ಟಿನ ಗಿರಣಿ ಶುರುವಾಗುವುದರೊಳಗೆ ಎರಡು ಟೇಕ್ ಆಯಿತು. ಮೈಕಿಗೆ ಸ್ಟ್ಯಾಂಡ್ ಇಲ್ಲ, ನೆಲ ಒರೆಸುವ ಕೋಲಿಗೆ ಕಟ್ಟಿದ್ದೇನೆ. ಉಸಿರು ಬಡಿಯದಂತೆ ಮುಂದೆ ಹಳೇ ಕಾಲುಚೀಲ. ಗೋಡೆಗೆ ರಜಾಯಿ. "ಇದೇನು ಸ್ಟುಡಿಯೋನೋ, ಬಾಣಂತಿ ಕೋಣೆನೋ" ಎಂದಳು ಅಕ್ಕ.

ಹದಿನೈದಕ್ಕೆ ಅವಳ ಆಪರೇಷನ್. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯೂ ಹೋಗುತ್ತದಂತೆ. ಅವಳೇ ಕಟ್ಟಿದ ನಾಲ್ಕು ಹಾಡು, ಹನ್ನೆರಡು ದಿನ. ಇರುವುದೊಂದೇ ಮೈಕು — ಒಂದೊಂದೇ ಟ್ರ್ಯಾಕ್. ಮೊದಲು ನನ್ನ ಹಾರ್ಮೋನಿಯಂ, ಮೇಲೆ ಅವಳ ದನಿ, ಅದರ ಮೇಲೆ ಅವಳದೇ ಇನ್ನೊಂದು ದನಿ. ಶುರುಮಾಡುವ ಮುಂಚೆ ಬೆರಳಿಂದ ಮೇಜನ್ನು ಎರಡು ಸಲ ಕುಟ್ಟುತ್ತಾಳೆ. ಎಷ್ಟು ಬೇಡವೆಂದರೂ ಬಿಡುವುದಿಲ್ಲ. ಕತ್ತರಿಸಬೇಕು.

ಮಾರ್ಚ್ ೬
ಡಿಸ್ಕ್ ತುಂಬಿ ಕಂಪ್ಯೂಟರ್ ಮತ್ತೆ ನಿಂತಿತು. ನಡುವಿನ ಮಾತು, ಕೆಮ್ಮು, "ತಡಿಯೋ, ನೀರು ಕುಡೀತೀನಿ" — ಎಲ್ಲ ಕತ್ತರಿಸಿ ಒಂದು ಫೋಲ್ಡರಿಗೆ ಹಾಕಿ, 'ಕಸ' ಎಂದು ಹೆಸರಿಟ್ಟು ಅಳಿಸಿದೆ. ಇನ್ನು ದಿನಾ ಇದೇ.

ಅಮ್ಮ ಹೊರಗಿನ ಕುರ್ಚಿಯಲ್ಲಿ. ಕಣ್ಣು ಹೋಗಿ ಆರು ವರ್ಷ, ಕಿವಿ ಮಾತ್ರ ಬಲು ಚುರುಕು. "ಎರಡನೇ ಸಾಲಲ್ಲಿ ಶ್ರುತಿ ಇಳೀತು" ಎಂದಳು. "ಅದಿರ್ಲಿ, ಬೀಪಿ ಮಾತ್ರೆ ತಗೊಂಡ್ಯಾ?" ಎಂದಳು ಅಕ್ಕ. "ತಗೊಂಡೆ ಕಣೇ." ನೋಡಿದರೆ ಮಾತ್ರೆ ಸೆರಗಿನ ಗಂಟಿನಲ್ಲಿ. ದಿನಾ ಅದೇ ಪ್ರಶ್ನೆ, ಅದೇ ಸುಳ್ಳು.

ಮಾರ್ಚ್ ೧೦
ಬಾಗಿಲು ಹಾಕಲು ಮರೆತೆ. ಹಾರ್ಮೋನಿಯಂ ಟ್ರ್ಯಾಕಿನ ಕೊನೆಯಲ್ಲಿ ಅಡುಗೆಮನೆಯ ಗದ್ದಲವೆಲ್ಲ ಬಂದಿದೆ. ಮತ್ತೆ ನುಡಿಸಲು ಟೈಮಿಲ್ಲ. ಅಲ್ಲಿ ವಾಲ್ಯೂಮ್ ಇಳಿಸಿ ಮುಚ್ಚಿಟ್ಟೆ.

ಅಕ್ಕನ ದನಿ ಮೂರು ಸಾಲಿಗೇ ಒಡೆಯುತ್ತಿದೆ. "ಸರಿಯಾಗಿ ಹಾಡೇ" ಎಂದು ರೇಗಿಬಿಟ್ಟೆ. ಒಂದು ಗುಟುಕು ನೀರು ಕುಡಿದು ಮತ್ತೆ ಹಾಡಿದಳು. ನನ್ನ ನಾಲಿಗೆಗೆ ಬರೆ ಹಾಕಬೇಕು.

ಮಾರ್ಚ್ ೧೪
ಮೂರು ಹಾಡು ಮುಗಿಯಿತು. ನಾಲ್ಕನೆಯದು ಅರ್ಧ. "ಸಾಕು ಬಿಡೋ. ಉಳಿದಿದ್ದು ನೀನೇ ಹಾಡು, ಊರಿನ ಕತ್ತೆಗಳಿಗೆ ಖುಷಿಯಾಗ್ಲಿ." ಇಬ್ಬರೂ ನಕ್ಕೆವು. ಸಂಜೆ ಕಸ ಅಳಿಸಿದೆ.

ಮಾರ್ಚ್ ೩೧
ಅಕ್ಕ ಮನೆಗೆ ಬಂದಳು. ಕತ್ತಿನಲ್ಲಿ ತೂತು, ಮೇಲೊಂದು ಬಟ್ಟೆ, ಕೈಯಲ್ಲಿ ಸ್ಲೇಟು. ಅಮ್ಮನ ಕೈ ಹಿಡಿದು ಕೂತಳು. ಅಮ್ಮ ಆ ಕೈಯನ್ನು ತಡವಿ ತಡವಿ ನೋಡಿದಳು.
"ನನ್ನ ಒಂದ್ಸಲ ಕರೀಲಿ."
"ಆಗಲ್ಲಮ್ಮ. ಹೇಳಿದ್ನಲ್ಲ."
"ಕೈ ಅವಳದ್ದೇ. ಅವಳೆಲ್ಲಿ?"
ಅಕ್ಕ ಎದ್ದು ಬಚ್ಚಲಿಗೆ ಹೋದಳು. ಅತ್ತರೂ ಸದ್ದಿಲ್ಲ.

ಏಪ್ರಿಲ್ ೪
ಐದು ದಿನದಿಂದ ಅಮ್ಮ ಮಾತ್ರೆ ಮುಟ್ಟಿಲ್ಲ. ಊಟ ಎರಡು ತುತ್ತು. ನಾನು ಕೊಟ್ಟರೆ ಉಗುಳುತ್ತಾಳೆ, ಅಕ್ಕ ಕೊಟ್ಟರೆ ಮುಖ ತಿರುಗಿಸುತ್ತಾಳೆ. ಬೀಪಿ ನೋಡಿದ ಡಾಕ್ಟರ್ "ಇದು ಹೀಗೇ ಆದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ಹಾಡು ಹಾಕಿದೆ. ಕೇಳಿದಳು. "ಇದು ಹಾಡು ಕಣೋ. ಹಾಡೋವಾಗ ಅವಳು ಎಲ್ಲರವಳು. ಮಾತಾಡಿದ್ದು ಹಾಕು."

ಮಾತಾಡಿದ್ದು... ಒಂದೂ ಇಲ್ಲ. ಫೋನೆಲ್ಲ ಜಾಲಾಡಿದೆ. ಒಂದೇ ಮನೆಯಲ್ಲಿದ್ದವರು ವಾಯ್ಸ್ ಮೆಸೇಜ್ ಯಾಕೆ ಕಳಿಸುತ್ತಾರೆ?

ಏಪ್ರಿಲ್ ೫
ರಿಪೇರಿಯವನಿಗೆ ಡಿಸ್ಕ್ ತೋರಿಸಿದೆ. "ಅಳಿಸಿದ ಜಾಗದ ಮೇಲೆ ಹೊಸದು ಕೂತಿದೆ ಸಾರ್, ಬರಲ್ಲ."

ಅಕ್ಕನ ಮುಂದೆ ಅತ್ತುಬಿಟ್ಟೆ. "ನಿನ್ನ ಮಾತನ್ನೆಲ್ಲ ಕಸ ಅಂತ ಎಸೆದುಬಿಟ್ಟೆ ಕಣೇ." ತಲೆ ಸವರಿದಳು. ಆಮೇಲೆ ಸ್ಲೇಟು ಎತ್ತಿ ಬರೆದಳು: 'ಅವತ್ತು ನೀನು ಹಾರ್ಮೋನಿಯಂ ನುಡಿಸೋವಾಗ ಬಾಗಿಲು ತೆಗೆದಿತ್ತು. ನಾನು ಅಡುಗೆಮನೇಲಿದ್ದೆ.'

ಏಪ್ರಿಲ್ ೬, ಮಧ್ಯಾಹ್ನ ೧
ಬೆಳಿಗ್ಗೆ ಆ ಹಾಡಿನ ಉಳಿದ ಟ್ರ್ಯಾಕೆಲ್ಲ ಮುಚ್ಚಿ, ಹಾರ್ಮೋನಿಯಂ ಒಂದನ್ನೇ ಬಿಟ್ಟೆ. ಅವತ್ತು ಇಳಿಸಿದ ವಾಲ್ಯೂಮನ್ನು ಏರಿಸುತ್ತಾ ಹೋದೆ. ಕೊನೆಯ ಸ್ವರ, ತಿದಿಯ ಉಸಿರು, ಪಾತ್ರೆ ಸದ್ದು. ಅದರ ಹಿಂದೆ, ದೂರದಲ್ಲಿ, ಅವಳು.

ಸ್ಪೀಕರನ್ನು ಅಡುಗೆಮನೆ ಬಾಗಿಲಲ್ಲಿಟ್ಟೆ. ಅಮ್ಮನಿಗೆ ಮೋಸ ಮಾಡುತ್ತಿದ್ದೇನೆ ಅನ್ನಿಸಿತು, ಕೈ ಬರಲಿಲ್ಲ. ಅಕ್ಕನೇ ಬಂದು ಬಟನ್ ಒತ್ತಿದಳು.

"ಅಮ್ಮಾ, ಮಾತ್ರೆ ತಗೊಂಡ್ಯಾ?"

ಅಮ್ಮ ತಲೆಯೆತ್ತಿದಳು. ಮುಖವನ್ನು ಅಡುಗೆಮನೆಯ ಕಡೆ ತಿರುಗಿಸಿದಳು. ಅದು ಹಳೆಯ ದನಿ ಎಂದು ಅವಳಿಗೆ ಗೊತ್ತಾಗಿರಬೇಕು, ಆ ಕಿವಿಗೆ ಗೊತ್ತಾಗದೇ ಇರುತ್ತದೆಯೇ.

"ಇಲ್ಲ ಕಣೇ" ಎಂದಳು. "ಕೊಡು."

ಅಂಗೈ ಚಾಚಿದಳು. ಅಕ್ಕ ಮಾತ್ರೆ ಇಟ್ಟಳು, ನೀರು ಹಿಡಿದಳು. ಅಮ್ಮ ನುಂಗಿದಳು. ಅಕ್ಕನ ಬೆರಳು ಮಾತ್ರ ಬಿಡಲಿಲ್ಲ.

ಇದನ್ನು ಬರೆಯುತ್ತಿರುವಾಗಲೇ ಹೊರಗಿನಿಂದ ಅಮ್ಮ ಕರೆಯುತ್ತಿದ್ದಾಳೆ. ನನ್ನನ್ನಲ್ಲ, ಅಕ್ಕನನ್ನು. ಅಡುಗೆಮನೆಯ ಮೇಜಿನ ಮೇಲೆ ಬೆರಳಿನ ಸದ್ದು, ಎರಡು ಸಲ. ಅಮ್ಮ ಮತ್ತೆ ಕರೆದಳು. ಮತ್ತೆ ಎರಡು —