ಅಮ್ಮನ ಕೋಟಿನ ಹೊಲಿಗೆ

ಬುಡಾಪೆಸ್ಟ್,
೧೪ ಮೇ ೧೯೯೧

ಪ್ರೀತಿಯ ಯೋಲಾನ್ ಅಕ್ಕಾ,

ಮಂಡಿನೋವು ಹೇಗಿದೆ? ಹೈಫಾದ ಆ ಮೆಟ್ಟಿಲು ಹತ್ತಬೇಡ ಅಂದರೆ ಕೇಳೋಳಲ್ಲ ನೀನು. ನಾನಿಲ್ಲಿ ಗಟ್ಟಿಯಾಗೇ ಇದ್ದೀನಿ, ರಕ್ತದೊತ್ತಡ ಒಂದು ನನ್ನ ಮಾತು ಕೇಳಲ್ಲ. ನಿನ್ನ ಮೊಮ್ಮಗಳು ಓರ್ನಾಳ ಮದುವೆ ಸುದ್ದಿ ಓದಿ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಆಮೇಲೆ ಕೊನೇ ಸಾಲುಗಳನ್ನು ಓದಿದೆ. ಮದುವೆ ಉಡುಪಿನ ಅಂಚಿಗೆ ಅಜ್ಜಿ ಕೈಯ ನಾಲ್ಕು ಹೊಲಿಗೆ ಬೇಕು ಅಂತ ಅವಳು ಗೋಗರೆದರೆ, "ಇದು ನಮ್ಮಮ್ಮನ್ನ ಕೊಂದ ಕೈ, ನಿನ್ನ ಬಟ್ಟೆ ಮುಟ್ಟಲ್ಲ" ಅಂದೆಯಲ್ಲ! ಮಗು ಅಳದೆ ಇನ್ನೇನು ಮಾಡೀತು? ಅವತ್ತಿಂದ ನನಗೆ ಊಟ ಸೇರ್ತಿಲ್ಲ. ಇದು ಮೂರನೇ ಕಾಗದ. ಎರಡನ್ನು ಹರಿದು ಹಾಕಿದ್ದೀನಿ.

ನಲವತ್ತನಾಲ್ಕರ ಆ ವಸಂತದಲ್ಲಿ ನಿನಗೆ ಇಪ್ಪತ್ತು, ನನಗೆ ಹದಿಮೂರು. ಅಪ್ಪನನ್ನು ಆಗಲೇ ದುಡಿಮೆಗೆ ಅಂತ ಎಳಕೊಂಡು ಹೋಗಿದ್ದರು. ಯಹೂದಿಗಳೆಲ್ಲ ಎದೆ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕು ಅಂತ ಹುಕುಂ ಬಂದಾಗ ನಮ್ಮ ಮೂರೂ ಕೋಟಿಗೆ ನೀನೇ ಕೂತು ಹೊಲಿದೆ. ಬೀದೀಲಿ ಪೊಲೀಸರು ನಕ್ಷತ್ರದ ಅಡಿಗೆ ಪೆನ್ಸಿಲ್ ತೂರಿಸಿ ನೋಡೋರು. ತೂರಿತೋ, ಬೇಕಾದಾಗ ಕಿತ್ತು ಹಾಕೋಕೆ ಹೀಗೆ ಹೊಲಿದಿದ್ದೀಯ ಅಂತ ಹಿಡಕೊಂಡು ಹೋಗೋರು. ನಿನ್ನ ಹೊಲಿಗೆಯೋ, ಎಳ್ಳುಕಾಳಿನಷ್ಟು ಸಣ್ಣ. "ಈ ಸೋಮಾರಿ ಪಿರೋಷ್ಕಾ ಹೊಲಿದಿದ್ದರೆ ಸಂದೀಲಿ ಬೆಕ್ಕು ತೂರೋದು!" ಅಂತ ಅಮ್ಮ ನಕ್ಕಿದ್ದು ನೆನಪಿದೆಯಾ? ಅಂಥ ದಿನಗಳಲ್ಲೂ ಎಷ್ಟು ನಗಿಸೋಳು, ಪುಣ್ಯಾತ್ಗಿತ್ತಿ.

ಏಪ್ರಿಲ್ ಕೊನೆಯ ಗುರುವಾರ ಅಮ್ಮ ಬ್ರೆಡ್ಡಿನ ಸಾಲಲ್ಲಿ ನಿಂತಿದ್ದಾಗ ಪೆನ್ಸಿಲ್ ತೂರಿತು. ಕೆಳಗಿನ ಮನೆಯಾಕೆ ಓಡಿ ಬಂದು ಹೇಳಿದಾಗ ನೀನು ಗೋಡೆಗೆ ಹಣೆ ಚಚ್ಚಿಕೊಂಡು "ನನ್ನ ಹೊಲಿಗೆ, ನನ್ನ ಹೊಲಿಗೆ" ಅಂತ ಅರಚಿದೆ. ನಾನು ನಿನ್ನ ಸೊಂಟ ತಬ್ಬಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅಮ್ಮ ವಾಪಸ್ ಬರಲಿಲ್ಲ. ಆ ಚಳಿಗಾಲ ನಮ್ಮೋರನ್ನೆಲ್ಲ ಕೂಡಿಹಾಕಿದ್ದ ಗೆಟ್ಟೋದಲ್ಲಿ ನಿನ್ನ ಪಾಲಿನ ಬ್ರೆಡ್ಡನ್ನೂ ನನಗೇ ತಿನ್ನಿಸಿ ಉಳಿಸಿದೆ. ಅಷ್ಟು ಚೆನ್ನಾಗಿ ಹೊಲೀತಿದ್ದವಳು ಹೈಫಾದಲ್ಲಿ ಆಸ್ಪತ್ರೆ ನೆಲ ಒರೆಸಿ ಬದುಕಿದೆ, ಸೂಜಿ ಮುಟ್ಟಲಿಲ್ಲ.

ಓರ್ನಾಗೆ ಈ ಚಿಕ್ಕಜ್ಜಿಯ ಆಶೀರ್ವಾದ ಹೇಳು. ಅವಳ ಮನೆ ಬಾಗಿಲು ತಟ್ಟೋರೆಲ್ಲ ನೆಂಟರೇ ಆಗಿರಲಿ.

ನಿನ್ನ ತಂಗಿ,
ಪಿರೋಷ್ಕಾ

ಮರೆತಿದ್ದೆ. ಇಲ್ಲ, ಸುಳ್ಳು, ಮರೆತಿರಲಿಲ್ಲ. ಅಂಚೆ ಕಚೇರಿ ಮುಚ್ಚೋ ಹೊತ್ತಾಯ್ತು, ಈಗ ಬರೀದಿದ್ದರೆ ಇದನ್ನೂ ಹರಿದು ಹಾಕ್ತೀನಿ. ಹಿಂದಿನ ದಿನ, ಬುಧವಾರ, ಅಮ್ಮ ಜ್ವರ ಅಂತ ಮಲಗಿದ್ದಳು, ನೀನು ಹೊಲಿಗೆ ಅಂಗಡಿಗೆ ಹೋಗಿದ್ದೆ. ನಾನು ಅಮ್ಮನ ಕೋಟಿನ ನಕ್ಷತ್ರ ಬಿಚ್ಚಿ, ದೊಡ್ಡವಳ ಹಾಗೆ ಕೋಟು ತೊಟ್ಟು, ನಕ್ಷತ್ರ ಇದ್ದೋರನ್ನ ಒಳಗೇ ಬಿಡದ ಸಿನಿಮಾಗೆ ಹೋದೆ. ಎರಡು ಗಂಟೆ ಎಲ್ಲರ ಜೊತೆ ಕೂತು ನಕ್ಕೆ. ಬಂದವಳೇ ಅಮ್ಮ ಏಳೋದರೊಳಗೆ ದೊಡ್ಡ ದೊಡ್ಡ ಹೊಲಿಗೆ ಹಾಕಿ ಕೋಟು ನೇತು ಹಾಕಿದೆ. ಬೆಕ್ಕು ತೂರೋ ಹೊಲಿಗೆ, ಅಕ್ಕಾ. ನಿನ್ನದಲ್ಲ, ನನ್ನದು. ಬೈದು ಬರಿ, ಇಲ್ಲಾ ಇನ್ನು ಬರೀಲೇಬೇಡ, ನಿನ್ನಿಷ್ಟ. ಮೊದಲು ಓರ್ನಾಳನ್ನು ಕರೆದು ಸೂಜಿಗೆ ದಾರ ಪೋಣಿಸು.