ಅಮ್ಮ ತಿರುಗಿ ನೋಡುವ ದೃಶ್ಯ

ಶುಕ್ರವಾರ, ಜೂನ್ ೧೩

ಪ್ರೀತಿಯ ಚಿನ್ನು,

ನೀನು ಚಿಕ್ಕಮ್ಮನ ಮನೆ ಸೇರಿ ತಿಂಗಳಾಯಿತು. ಇಷ್ಟು ದಿನ ಒಂದು ಸಾಲೂ ಬರೆಯದಿದ್ದುದು ಕೆಲಸದಿಂದಲ್ಲ, ಹಟದಿಂದ. ಊರಿಗೆಲ್ಲ ಕರಪತ್ರ ಬರೆಯುವವಳಿಗೆ ತಂಗಿಗೊಂದು ಕಾಗದ ಬರೆಯಲಾಗಲಿಲ್ಲ. ಕ್ಷಮಿಸು. ಚಿಕ್ಕಮ್ಮನ ಜೊತೆಗಾದರೂ ಮಾತಾಡುತ್ತಿದ್ದೀಯಾ?

ಸ್ಟೇಷನ್ನಿನಲ್ಲಿ ಅಮ್ಮನ ಜಾಗಕ್ಕೆ ಬೇರೊಬ್ಬ ಹೆಂಗಸನ್ನು ಹಾಕಿದ್ದಾರೆ. ಹಳಿ ಗುಡಿಸುವಾಗ ಕಾವಲಿಗೆ ಒಬ್ಬರಿರಬೇಕೆಂಬ ನಮ್ಮ ಸಂಘದ ಬೇಡಿಕೆಗೆ ಉತ್ತರವಿಲ್ಲ. ಸೀಟಿ ಹಾಕದೆ ಬೋಗಿಗಳನ್ನು ಹಿಂದಕ್ಕೆ ತಳ್ಳಿದ ಎಂಜಿನ್ನಿನದು ತಪ್ಪಲ್ಲವಂತೆ, ಬಗ್ಗಿ ಗುಡಿಸುತ್ತಿದ್ದ ಅಮ್ಮನದಂತೆ. ನಾನು ಬಿಡುವುದಿಲ್ಲ.

ನಿನ್ನೆ ಟಾಕೀಸಿನ ಮುಂದೆ ಕರಪತ್ರ ಹಂಚುತ್ತಿದ್ದೆ. ಗೇಟಿನಲ್ಲಿ ಟಿಕೆಟ್ ಹರಿಯುವ ತಾತ ಕರೆದರು.

“ಆವತ್ತು ಎಲ್ಲರ ಮುಂದೆ ತಂಗಿಯ ತೋಳು ಹಿಡಿದು ದರದರ ಎಳ್ಕೊಂಡು ಹೋದೆಯಲ್ಲಮ್ಮ, ಅವಳು ಯಾಕೆ ಬರ್ತಿದ್ಲು ಅಂತ ಕೇಳಿದ್ಯಾ?”

“ಇನ್ಯಾಕೆ? ಅಮ್ಮ ಸತ್ತು ಹದಿನೈದು ದಿನಕ್ಕೇ ಹೀರೋ ಕುಣಿಯೋದು ನೋಡೋಕೆ.”

“ಹೀರೋ ಬರೋದ್ರೊಳಗೆ ಎದ್ದು ಹೋಗ್ತಿದ್ಲು. ನೀನು ಒಳಗೆ ಹೋಗಿ ಕೂತ್ಕೋ. ಭಾಷಣ ಆಮೇಲೆ ಮಾಡುವಂತೆ.”

ಕೂತೆ. ಮೊದಲ ದೃಶ್ಯವೇ ನಮ್ಮ ಸ್ಟೇಷನ್, ಎರಡನೇ ಪ್ಲಾಟ್‌ಫಾರಂ. ಅಮ್ಮನ ನೀಲಿ ಕೋಟು, ಉದ್ದ ಪೊರಕೆ. ಹೋದ ವರ್ಷ ಶೂಟಿಂಗ್ ನಡೆದಾಗ ಕ್ಯಾಮೆರಾ ಕಡೆ ನೋಡಬೇಡಿ ಎಂದು ಎಲ್ಲರಿಗೂ ಹೇಳಿದ್ದರಂತೆ. ಅಮ್ಮ ಯಾರ ಮಾತು ಕೇಳಿದವಳು? ಪೊರಕೆ ನಿಲ್ಲಿಸಿ, ತೋಳಿನಿಂದ ಮೂಗು ಒರೆಸಿಕೊಂಡು, ನೆಟ್ಟಗೆ ನನ್ನನ್ನೇ ನೋಡಿದಳು. ಕಣ್ಣು ಮುಚ್ಚಿ ಬಿಡುವುದರೊಳಗೆ ಇಲ್ಲವಾದಳು.

“ಪೊರಕೆಯಮ್ಮನೇ ಹೀರೋಯಿನ್ ಕಣ್ರೋ” ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನೀನು ಇದನ್ನೆಲ್ಲ ದಿನವೂ ಒಬ್ಬಳೇ ಕೇಳಿಸಿಕೊಂಡು ಕೂತಿರುತ್ತಿದ್ದೆ.

ಸಿನಿಮಾ ಜನರನ್ನು ಮಲಗಿಸುವ ಮದ್ದು ಎಂದು ಬರೆದವಳು ನಾನೇ. ಈಗಲೂ ಅದನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅಮ್ಮ ಅಲ್ಲಿದ್ದಾಳೆಂದು ನೀನು ನನಗೆ ಹೇಳುವುದಾದರೂ ಹೇಗೆ? ನನ್ನ ಮಾತು ನಿಂತರೆ ತಾನೆ ನೀನು ಬಾಯಿ ತೆರೆಯುವುದು.

ಹೊತ್ತಿಗೆ ಸರಿಯಾಗಿ ಉಣ್ಣು. ಶಾಲೆ ಬಿಡಬೇಡ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಮನೆಯಲ್ಲಿದ್ದ ಅಮ್ಮನ ಒಂದೇ ಫೋಟೋವನ್ನು ಕರಪತ್ರಕ್ಕೆಂದು ಪ್ರೆಸ್ಸಿಗೆ ಕೊಟ್ಟಿದ್ದೆನಲ್ಲ, ಅದು ಕಳೆದುಹೋಗಿದೆ. “ನಾಳೆ ತರ್ತೀನಿ” ಎಂದು ನಿನಗೆ ಮೂರು ಸಲ ಹೇಳುವಾಗಲೂ ನನಗೆ ಗೊತ್ತಿತ್ತು. ಕರಪತ್ರದಲ್ಲಿ ಅಮ್ಮನ ಮುಖ ಬರೀ ಮಸಿ. ಟಾಕೀಸಿನಲ್ಲಿ ನಿನ್ನೆಯದೇ ಕೊನೆಯ ಆಟ. ಬೆಳಿಗ್ಗೆ ರೀಲಿನ ಡಬ್ಬಗಳನ್ನು ವ್ಯಾನಿಗೆ ಹಾಕಿದರು. ಯಾವ ಊರಿಗೆಂದು ತಾತನಿಗೂ ಗೊತ್ತಿಲ್ಲ.