ಕತ್ತರಿಸಿ ಹೋದ ಅಂಚು

ಬೈಂಡಿಂಗ್ ಅಂಗಡಿಯ ಹಿಂದಿನ ಮನೆಯಿಂದ,
ಸೋಮವಾರ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಇವತ್ತು ನನಗೆ ಉಪವಾಸ. ಬೆಳಿಗ್ಗೆ ಎದ್ದು ಬಾಗಿಲು ಗುಡಿಸಿ, ಬಟ್ಟೆ ಒಗೆದು ಹಾಕಿ, ದೇವರ ಮುಂದೆ ದೀಪ ಹಚ್ಚಿ, ಅಂಗಡಿಗೆ ಬೇಕಾದ ಮೈದಾ ಅಂಟನ್ನೂ ಕಾಯಿಸಿ ಇಳಿಸಿದ್ದಾಯಿತು. ಹೊಟ್ಟೆ ಖಾಲಿ ಇರುವ ದಿನ ಆ ಅಂಟಿನ ವಾಸನೆಯೂ ತಿಂಡಿಯ ಹಾಗೆ ಮೂಗಿಗೆ ಬಡಿಯುತ್ತದೆ, ದೇವರು ಕ್ಷಮಿಸಲಿ. ನಿನ್ನ ಮೊಣಕಾಲು ಹೇಗಿದೆ? ಪಂಪ್‌ಹೌಸಿನ ಆ ಕಬ್ಬಿಣದ ಮೆಟ್ಟಿಲು ಹತ್ತಿ ಇಳಿಯುವಾಗ ಕೈ ಹಿಡಿದುಕೊಂಡೇ ಹತ್ತು. ಒಬ್ಬನೇ ಅಲ್ಲವೇ ಅಂತ ಬೆಳಿಗ್ಗೆ ಮಾಡಿದ್ದನ್ನೇ ರಾತ್ರಿಯೂ ತಿಂದು ಮಲಗಬೇಡ. ಫೋನ್ ಮಾಡಿ ಕೇಳೋಣವೆಂದರೆ ನಿನ್ನ ಕಡೆಯಿಂದ 'ಹಲೋ ಹಲೋ' ಬಿಟ್ಟು ಬೇರೇನೂ ಕೇಳುವುದಿಲ್ಲ. ಅದಕ್ಕೇ ನಿಮ್ಮ ಪಂಪಿಗೆ ಡೀಸೆಲ್ ತರುವ ಗಾಡಿಯ ಡ್ರೈವರಣ್ಣನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಿನ್ನ ಭಾವ ಚೆನ್ನಾಗಿದ್ದಾರೆ, ಕೆಮ್ಮು ಕಡಿಮೆಯಾಗಿದೆ, ನನ್ನ ಮೇಲೆ ರೇಗುವುದು ಮೊದಲಿನಷ್ಟೇ ಇದೆ.

ಈಗ ಸಮಾಚಾರ. ನಮ್ಮ ಗಿಣಿಗೆ ಇಂಗ್ಲಿಷ್ ಸಾಹಿತ್ಯದ ಎಂ.ಎ.ಗೆ ಸೀಟು ಸಿಕ್ಕಿದೆ. ತೊದಲು ಮಾತಾಡುವಾಗ ನೀನು ಎತ್ತಿಕೊಂಡು ಗಿಣಿ ಅಂತ ಕರೆದದ್ದು, ಇವತ್ತಿಗೂ ಅದೇ ಹೆಸರು, ಅದೇ ಬಾಯಿ. ಮಗಳು ಬಿ.ಕಾಂ. ಮುಗಿಸಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರುತ್ತಾಳೆ ಅಂತ ನಾವು ಅಂದುಕೊಂಡಿದ್ದರೆ ನಮಗೂ ಹೇಳದೆ ಅರ್ಜಿ ಹಾಕಿದ್ದಳು. ನಮ್ಮ ಅಂಗಡಿಯಲ್ಲಿ ಕಟಿಂಗ್ ಮಿಷನ್ ಓಡಿಸುವ ತಾತನಿಗೆ ಈ ಸುದ್ದಿ ಒಂಚೂರೂ ಹಿಡಿಸಲಿಲ್ಲ. "ಲೆಕ್ಕ ಕಲಿತೋಳು ಕಥೆ ಓದಕ್ಕೆ ಹೋಗ್ತಾಳಾ? ಕಥೆಗೆ ಯಾರಮ್ಮ ಸಂಬಳ ಕೊಡ್ತಾರೆ?" ಅಂದರು. ಇವಳು ಸುಮ್ಮನಿರುತ್ತಾಳೆಯೇ! "ಯಾಕೆ ತಾತ, ನೀವು ತಿಂಗಳು ತಿಂಗಳು ಒಂದು ಕಥೆ ಹೇಳಿ ತಾನೇ ಅಂಗಡಿ ಯಜಮಾನ್ರ ಹತ್ರ ಅಡ್ವಾನ್ಸ್ ತಗೊಳ್ಳೋದು?" ಅಂದಳು. ತಾತ ನಕ್ಕುಬಿಟ್ಟರು. ನಾನು ಮಾತ್ರ ದೊಡ್ಡವರಿಗೆ ಹಾಗೆಲ್ಲ ಅನ್ನಬಾರದು ಅಂತ ಗದರಿಸಿದೆ.

ಆದರೆ ಸೀಟಿಗೆ ಒಂದು ಬಾಲ ಇದೆ. ಬೇರೆ ವಿಷಯ ಓದಿ ಬಂದವರು ಮೂರು ಪುಸ್ತಕ ಓದಿಕೊಂಡು ಮೊದಲು ಒಂದು ಪರೀಕ್ಷೆ ಬರೆಯಬೇಕಂತೆ. ಅದರಲ್ಲಿ ಪಾಸಾದರೆ ಸೀಟು ಗಟ್ಟಿ, ಇಲ್ಲದಿದ್ದರೆ ಹಿಂದೆ ನಿಂತವರಿಗೆ ಹೋಗುತ್ತದೆ. ಪರೀಕ್ಷೆ ಬರುವ ತಿಂಗಳ ಮೊದಲಲ್ಲೇ. ಪುಸ್ತಕದ ಹೆಸರು ನೋಡಿ ಗಿಣಿ ಸೀದಾ ಅಟ್ಟ ಹತ್ತಿ ನಿನ್ನ ತಗಡಿನ ಪೆಟ್ಟಿಗೆ ಇಳಿಸಿದಳು. ಮೂರೂ ಅದರಲ್ಲೇ ಇದ್ದವು! ಅಪ್ಪ ಹಾಸಿಗೆ ಹಿಡಿದ ವರ್ಷ ನೀನು ಇದೇ ಓದನ್ನು ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಹೊರಟಾಗ, "ಇವನ್ನೆಲ್ಲ ರದ್ದಿಗೆ ಹಾಕ್ಬಿಡಕ್ಕ, ಇನ್ಯಾಕೆ" ಅಂದಿದ್ದೆ. ನಾನು ಹೂಂ ಅಂದಿದ್ದೆ, ಹಾಕಿರಲಿಲ್ಲ. ಹೊಟ್ಟೆಪಾಡು ಕಾಗದದ್ದೇ ಆದರೂ ಅಕ್ಷರ ಇರುವುದನ್ನು ತೂಕಕ್ಕೆ ಹಾಕಲು ನನಗೆ ಕೈ ಬರುವುದಿಲ್ಲ.

ಅವತ್ತಿನಿಂದ ಹುಡುಗಿ ಆ ಪುಸ್ತಕಗಳನ್ನು ಬಿಟ್ಟು ಏಳಲಿಲ್ಲ. ಒಬ್ಬಳೇ ನಗುವುದು ಬೇರೆ. ಏನೇ ಅಂತ ಕೇಳಿದರೆ, ಒಂದು ಕಥೆಯಲ್ಲಿ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ಒಳಗೆ ಬರಲೋ ಹೊರಗೆ ಹೋಗಲೋ ಅಂತ ಮೂರು ಪುಟ ಯೋಚಿಸುತ್ತಾಳಂತೆ. "ಬರೋದಾದ್ರೆ ಬಾ, ಹೋಗೋದಾದ್ರೆ ಹೋಗು, ಸೊಳ್ಳೆ ಬರ್ತಾವೆ ಅನ್ನು ಅವಳಿಗೆ" ಅಂದೆ. ಗಿಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಪುಸ್ತಕದ ಜೊತೆಗೆ ಇನ್ನೇನನ್ನು ಓದುತ್ತಿದ್ದಳು ಅಂತ ಆಗ ನನಗೆ ಗೊತ್ತಿರಲಿಲ್ಲ.

ನಾನು ಮಾಡಿದ ಕೆಲಸ ಈಗ ಹೇಳುತ್ತೇನೆ, ಬೈಯುವುದಾದರೆ ಪೂರ್ತಿ ಓದಿ ಆಮೇಲೆ ಬೈ. ಪುಸ್ತಕಗಳ ಬೆನ್ನು ಕಿತ್ತು ಬಂದಿತ್ತು, ಹಾಳೆಗಳು ಬಿಡಿಬಿಡಿಯಾಗಿದ್ದವು. ಕಳೆದ ವಾರ ಗಿಣಿ ಸರ್ಟಿಫಿಕೇಟು ಕೊಡಲೆಂದು ಕಾಲೇಜಿಗೆ ಹೋಗಿ ಗೆಳತಿಯ ರೂಮಿನಲ್ಲಿ ಉಳಿದಿದ್ದಳು. ಬರುವುದರೊಳಗೆ ಹೊಸದು ಮಾಡಿಟ್ಟಿರೋಣ, ಕಣ್ಣರಳಿಸಲಿ ಅಂತ ಮೂರನ್ನೂ ಅಂಗಡಿಗೆ ಒಯ್ದೆ. ಹಳೆ ಅಂಟು ಕೆರೆದು, ದಾರ ಹೊಲಿದು, ಬೆನ್ನು ಕಟ್ಟಿದೆ. ಅಂಚಿನ ತುಂಬ ಪೆನ್ಸಿಲಿನಲ್ಲಿ ಇರುವೆ ಸಾಲಿನ ಹಾಗೆ ಇಂಗ್ಲಿಷು. ನಿನ್ನ ಕೈಬರಹ ಅಂತ ಗುರುತು ಸಿಕ್ಕಿತು ಕಣೋ, ಸಿಗದೇನು? ಆದರೆ ಪುಸ್ತಕದ ಮೇಲೆ ಗೀಚಿದರೆ ವಿದ್ಯೆಗೆ ಅಪಚಾರ ಅಂತ ನಮ್ಮ ಮೇಷ್ಟ್ರು ಬೆರಳ ಗಂಟಿಗೆ ಹೊಡೆಯುತ್ತಿದ್ದರಲ್ಲ, ನನ್ನ ತಲೆಯಲ್ಲಿ ಅದೊಂದೇ ಇದ್ದದ್ದು. ಹುಡುಗು ಬುದ್ಧಿಯಲ್ಲಿ ಗೀಚಿದ್ದಾನೆ, ಮಗುವಿನ ಕೈಗೆ ಶುದ್ಧವಾದ ಪುಸ್ತಕ ಹೋಗಲಿ ಅಂದುಕೊಂಡೆ. "ತಾತ, ಗೀಚಿದ ಅಂಚೆಲ್ಲ ಹೋಗೋ ಹಾಗೆ ಬ್ಲೇಡು ಒಳಗೆ ಹಾಕಿ" ಅಂದೆ. "ಅಚ್ಚಿಗೆ ತಗಲತ್ತೆ ನೋಡಮ್ಮ" ಅಂದರು. "ತಗಲಲ್ಲ, ಹಾಕಿ" ಅಂದೆ. ತಗಲಲೂ ಇಲ್ಲ. ಮೂರು ಮಗ್ಗುಲೂ ಸಾಬೂನಿನ ಹಾಗೆ ನುಣುಪಾಗಿ ಬಂತು. ಕೆಂಪು ಕ್ಯಾಲಿಕೋ ಬಟ್ಟೆ ಹೊದಿಸಿ, ದೇವರ ಮುಂದೆ ಇಟ್ಟು, ಮಗಳು ಬರುವುದನ್ನೇ ಕಾಯುತ್ತಾ ಕೂತೆ.

ಬಂದಳು. ಮೊದಲು ಮುಖ ಅರಳಿತು. ಆಮೇಲೆ ಒಂದು ಹಾಳೆ ತಿರುಗಿಸಿದಳು, ಇನ್ನೊಂದು ತಿರುಗಿಸಿದಳು. "ಅಮ್ಮಾ, ಮಾಮ ಎಲ್ಲಿ?" ಅಂದಳು. ನಾನು, "ಪಂಪ್‌ಹೌಸಲ್ಲಿ" ಅಂದೆ.

ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಪುಸ್ತಕ ಮುಚ್ಚಿ, "ಅಚ್ಚಾಗಿರೋದು ನನಗೆ ಓದಕ್ಕೆ ಬರತ್ತೆ ಅಮ್ಮ, ಅದರಲ್ಲಿ ಎಲ್ಲಿ ನಿಲ್ಲಬೇಕು, ಏನು ನೋಡಬೇಕು ಅಂತ ಹೇಳ್ತಿದ್ದದ್ದು ಮಾಮ" ಅಂತ ಮೆಲ್ಲಗೆ ಅಂದಳು, ಅಷ್ಟೇ. ಇಬ್ಬರೂ ಅಂಗಡಿಗೆ ಓಡಿದೆವು. ಚೂರಿನ ಮೂಟೆ ಮೂಲೆಯಲ್ಲೇ ಇತ್ತು. ನೆಲದ ಮೇಲೆ ಸುರುವಿ ಕೂತೆವು. ಲೆಕ್ಕದ ಪುಸ್ತಕದ ಚೂರು, ಶಾಲೆಯ ನೋಟ್‌ಬುಕ್ಕಿನ ಚೂರು, ಅದರ ನಡುವೆ ನಿನ್ನದು ಕಂದು ಬಣ್ಣಕ್ಕೆ ತಿರುಗಿದ್ದರಿಂದ ಸಿಕ್ಕಿತು. ಅಂಗಡಿಯ ಯಜಮಾನರು ಬಂದು "ಏನಮ್ಮಾ ಇದು, ಅಂಗಡಿನಾ ಕೋಳಿಗೂಡು ಮಾಡಿದೀರಾ?" ಅಂದರು. ತಾತನೂ ಕನ್ನಡಕ ಏರಿಸಿಕೊಂಡು ನೆಲಕ್ಕೆ ಕೂತದ್ದು ನೋಡಿ ತಲೆ ಕೊಡವಿ ಒಳಗೆ ಹೋದರು. ಆಮೇಲೆ ದಿನಾ ಊಟ ಮುಗಿದ ಮೇಲೆ ಅವಳು ಹೊಂದಿಸುವುದು, ನಾನು ತೆಳು ಕಾಗದ ಇಟ್ಟು ಅಂಟಿಸುವುದು. ಎರಡು ಪುಸ್ತಕಕ್ಕೆ ನೀನು ಮುಕ್ಕಾಲು ಪಾಲು ವಾಪಸು ಬಂದಿದ್ದೀಯ.

ಮೂರನೆಯದು, ಆ ದಪ್ಪ ಪುಸ್ತಕ, ಕವಿತೆಗಳದ್ದು. ಅದನ್ನು ಮಾತ್ರ ಹಿಂದಿನ ದಿನವೇ ಕತ್ತರಿಸಿದ್ದೆವು. ಅದರ ಮೂಟೆ ಗಿಣಿ ಬಂದ ದಿನ ಬೆಳಿಗ್ಗೆಯೇ ರದ್ದಿಯವನ ಗಾಡಿ ಹತ್ತಿ ಹೋಗಿತ್ತು. ಪರೀಕ್ಷೆಯಲ್ಲಿ ಹೆಚ್ಚು ಪ್ರಶ್ನೆ ಅದರದ್ದೇ ಅಂತೆ. ನಿನ್ನೆ ಗಿಣಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು, "ಬಿಡಮ್ಮ, ಲೆಕ್ಕದ ಕೆಲಸಕ್ಕೇ ಹೋಗ್ತೀನಿ" ಅಂದಳು. ಸಿಟ್ಟಿಲ್ಲದೆ ಅಂದಳು. ಅದೇ ನನಗೆ ತಡೆಯಲಾಗಲಿಲ್ಲ. ಈ ಮನೆಯಲ್ಲಿ ಈ ಓದನ್ನು ಬಿಟ್ಟವನು ಒಬ್ಬ ಸಾಕು.

ಅದಕ್ಕೇ ಆ ಪುಸ್ತಕವನ್ನು ಈ ಕಾಗದದ ಜೊತೆ ಕಳಿಸಿದ್ದೇನೆ. ರಾತ್ರಿಯೆಲ್ಲ ಕೂತು ಹೊಲಿಗೆ ಪೂರ್ತಿ ಬಿಚ್ಚಿ, ಪ್ರತಿ ಹಾಳೆಯ ಪಕ್ಕ ಒಂದು ಬಿಳಿ ಹಾಳೆ ಸೇರಿಸಿ, ಮತ್ತೆ ಹೊಲಿದಿದ್ದೇನೆ. ಪುಸ್ತಕ ಈಗ ಇಟ್ಟಿಗೆಯಷ್ಟು ದಪ್ಪವಾಗಿದೆ, ಕಾಲ ಮೇಲೆ ಬೀಳಿಸಿಕೊಳ್ಳಬೇಡ. ಆಗ ಏನು ಬರೆದಿದ್ದೆಯೋ ಮತ್ತೆ ಬರೆ. ಮರೆತಿದ್ದರೆ ಓದಿ ಹೊಸದಾಗಿ ಬರೆ. "ಅದೆಲ್ಲ ಯಾವ ಕಾಲದ್ದೋ ಅಕ್ಕ, ನನಗೇನು ಗೊತ್ತು" ಅಂತ ರಾಗ ಎಳೆಯಬೇಡ. ಮೋಟಾರು ಓಡುವಾಗ ಕೂತು ಮೀಟರು ನೋಡುವುದು ತಾನೇ ನಿನ್ನ ಕೆಲಸ? ಮಧ್ಯೆ ಮಧ್ಯೆ ಇದನ್ನೂ ನೋಡು. ಪೆನ್ಸಿಲು ಚೆನ್ನಾಗಿ ಚೂಪು ಮಾಡಿ ಎರಡು ಇಟ್ಟಿದ್ದೇನೆ. ಎಷ್ಟು ಬೇಕಾದರೂ ಗೀಚು. ವಿದ್ಯೆಗೆ ಅಪಚಾರ ಅಂತ ಇನ್ನು ಅನ್ನುವುದಿಲ್ಲ. ದೇವರಿಗೆ ತಪ್ಪು ಕಾಣಿಕೆ ಹಾಕಿದ್ದೇನೆ, ನಿನಗೆ ಡಬ್ಬಿಯಲ್ಲಿ ಉಪ್ಪಿನಕಾಯಿ ಇಟ್ಟಿದ್ದೇನೆ.

ಭಾವ ನಿನ್ನನ್ನು ಕೇಳಿದೆನೆಂದು ಬರಿ ಅಂದರು. ಗಿಣಿಗೆ ಪುಸ್ತಕ ನಿನ್ನ ಕಡೆ ಹೊರಟದ್ದು ಗೊತ್ತಿಲ್ಲ, ಗೊತ್ತಾದರೆ ಮಾಮನಿಗೆ ತೊಂದರೆ ಅಂತ ತಡೆಯುತ್ತಾಳೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಕಾಲು ನೋವು ವಾಸಿ ಮಾಡಲಿ.

ಇಂತಿ ನಿನ್ನ ಒಳ್ಳೆಯದನ್ನೇ ಬೇಡುವ,
ಅಕ್ಕ

ಮತ್ತೆ: ಡ್ರೈವರಣ್ಣ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಕಾಗದ ಮಡಚಿಟ್ಟ ಮೇಲೆ ತಾತ ಮಿಷನ್ ಒರೆಸುವಾಗ ಬ್ಲೇಡಿನ ಸಂದಿಯಲ್ಲಿ ಒಂದು ಚೂರು ಸಿಕ್ಕಿಕೊಂಡಿತ್ತು ಅಂತ ತಂದುಕೊಟ್ಟರು. ನಿನ್ನ ಅಕ್ಷರ, ಆದರೆ ಕನ್ನಡ, ಆದ್ದರಿಂದ ನಾನೇ ಓದಿದೆ. "ಇದನ್ನು ಅಕ್ಕನಿಗೆ ಓದಿ ಹೇಳಬೇಕು. ಏನಂತಾಳೋ ನೋಡೋಣ" ಅಂತ ಇದೆ. ಆ ಎರಡು ಪುಸ್ತಕದಲ್ಲಿ ಎಲ್ಲಿ ಇಟ್ಟು ನೋಡಿದರೂ ಕೂಡಲಿಲ್ಲ, ಹಾಗಾದರೆ ಈ ಕವಿತೆಗಳದ್ದೇ. ಯಾವ ಪುಟದ್ದೋ? ನೀನು ಓದಿ ಹೇಳಲೇ ಇಲ್ಲವಲ್ಲ. ಚೂರನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ, ಪುಟ ಯಾವುದು ಅಂತ ಬರೆದು ಕಳಿಸಬೇಡ. ಗುರುವಾರ ಡೀಸೆಲ್ ಗಾಡಿ ವಾಪಸು ಬರುವ ಹೊತ್ತಿಗೆ ಇಲ್ಲಿನ ಪೆಟ್ರೋಲ್ ಬಂಕಿನ ಹತ್ತಿರ ಗಿಣಿಯನ್ನು ಕಳಿಸಿರುತ್ತೇನೆ, ಮಾಮನ ಉತ್ತರ ಇದೆ, ಇಸಿದುಕೊಂಡು ಬಾ ಅಂತ ಹೇಳಿರುತ್ತೇನೆ. ಪುಸ್ತಕವನ್ನು ಡ್ರೈವರಣ್ಣನ ಕೈಗೆ ಕೊಟ್ಟು ಕಳಿಸಿದರೆ ಅವಳು ಅದನ್ನು ತರುತ್ತಾಳೆ. ನೀನೇ ಹಿಡಿದುಕೊಂಡು ಇಳಿದರೆ ನಿನ್ನನ್ನು ಕರೆದುಕೊಂಡು ಬರುತ್ತಾಳೆ.